ತೆರಿಗೆಯ ಕಣ್ಣಿಗೆ ದಂಪತಿಗಳು

ಗಂಡಹೆಂಡಿರು ಎರಡು ದೇಹ, ಒಂದು ಜೀವ ಎಂದು ಹಿರಿಯರು ಹರಸುವುದುಂಟು. ಸರ್ಕಾರದ ಬೊಕ್ಕಸವೂ ಅದೇ ಮಾತನ್ನಾಡಿದರೆ ಮಾತ್ರ ಅದಕ್ಕೆ ಬೇರೆ ಕಾರಣವಿರುತ್ತದೆ. ತೆರಿಗೆಯನ್ನು ಮನೆಯ ಮೇಲೆ ಹಾಕಬೇಕೋ, ಮನುಷ್ಯನ ಮೇಲೆ ಹಾಕಬೇಕೋ ಎಂಬುದು ಬಹಳ ಹಳೆಯ ಪ್ರಶ್ನೆ. ವೀಸಾ ಪಡೆದು ಅಮೆರಿಕದಲ್ಲಿ ದುಡಿಯುತ್ತಿರುವ ನಮ್ಮವರ ಮುಂದೆ ಇಂದು ಅದೇ ಪ್ರಶ್ನೆ ಬಂದು ನಿಂತಿದೆ. ಅವರ ಮೂಲಕ ನಂಜನಗೂಡು, ತಿರುಮಕೂಡಲು ನರಸೀಪುರಗಳ ಗದ್ದೆಯ ಬದುವಿನವರೆಗೂ ಬಂದಿದೆ. ಅದರ ಪೂರ್ವಕಥೆಯನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದು.

ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನವೆಂದೊಡನೆ ನಮ್ಮ ಗಮನ ಅರಸರ ಬಿರುದುಗಳ ಕಡೆಗೆ ಹರಿಯುತ್ತದೆ. ಜನರ ಬಾಳಿನ ಸುಳಿವು ಹೆಚ್ಚಾಗಿ ದೊರೆಯುವುದು ತೆರಿಗೆಗಳ ಹೆಸರುಗಳಲ್ಲಿ. ಮನೆದೆರೆ, ಗಾಣದೆರೆ, ಮಗ್ಗದೆರೆ ಎಂಬ ಮಾತುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂದಿನ ಅಧಿಕಾರಿಯ ಎಣಿಕೆಗೆ ಸಿಕ್ಕುತ್ತಿದ್ದುದು ಮನೆ, ಗಾಣ, ಮಗ್ಗಗಳು. ಒಳಗಿದ್ದವರಲ್ಲಿ ಯಾರ ಗಳಿಕೆ ಎಷ್ಟು ಎಂಬುದು ಅವನಿಗೆ ಬೇಕಿರಲಿಲ್ಲ. ವಿಜಯನಗರದ ಕಾಲದಲ್ಲಿ ಮದುವೆಗೂ ಸುಂಕವಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಕೆಲವು ಸೀಮೆಗಳಲ್ಲಿ ಅದನ್ನು ಮನ್ನಾ ಮಾಡಿದರು.

ಮನ್ನಾ ಆದದ್ದು ಮರಳಿ ಬಾರದೆಂಬ ನಿಯಮವಿಲ್ಲ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ವಿಧಿಸಿದ ಚಿಲ್ಲರೆ ತೆರಿಗೆಗಳ ಪಟ್ಟಿಯನ್ನು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಕೊಟ್ಟಿದ್ದಾನೆ. ಅದರಲ್ಲಿ ಮನೆಯೂ ಇದೆ, ಮದುವೆಯೂ ಇದೆ. ತೆರಿಗೆಯ ಭಾರಕ್ಕೆ ಬೇಸತ್ತ ಒಕ್ಕಲುಗಳು ಊರಬಾಗಿಲ ಮರಗಳಿಗೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿ ಉಳುವುದನ್ನೇ ನಿಲ್ಲಿಸಿದರೆಂದೂ, ಆ ದಂಗೆಯನ್ನಡಗಿಸಲು ನಂಜನಗೂಡಿನಲ್ಲಿ ಜಂಗಮರ ಕೊಲೆ ನಡೆಯಿತೆಂದೂ ಅವನು ಬರೆಯುತ್ತಾನೆ. ಈ ಕೊಲೆಯ ವೃತ್ತಾಂತವನ್ನು ಸಿ. ಹಯವದನರಾಯರು ಒಪ್ಪುವುದಿಲ್ಲ. ವಾದ ಹೇಗೇ ಇರಲಿ, ತೆರಿಗೆ ಮನೆಯೊಳಕ್ಕೆ ಕಾಲಿಟ್ಟಾಗ ಜನ ಸುಮ್ಮನಿರಲಿಲ್ಲ ಎಂಬುದನ್ನು ಈ ಸೀಮೆ ಬಲ್ಲದು.

ಬ್ರಿಟಿಷ್ ಇಂಡಿಯದ 1886ರ ಕಾಯಿದೆ ಅವಿಭಕ್ತ ಹಿಂದೂ ಕುಟುಂಬವನ್ನು ವರಮಾನ ತೆರಿಗೆಯ ಒಂದು ಘಟಕವೆಂದು ಗಣಿಸಿತು. ಬೇಸಾಯದ ಆದಾಯವನ್ನು ತೆರಿಗೆಯಿಂದ ಬಿಟ್ಟಿತು. ಮೈಸೂರು ಸಂಸ್ಥಾನ 1923ರಲ್ಲಿ ತನ್ನದೇ ವರಮಾನ ತೆರಿಗೆ ಕಾಯಿದೆ ಮಾಡಿಕೊಂಡಿತ್ತು; 1950ರಲ್ಲಿ ಭಾರತದ ಕಾಯಿದೆ ಇಲ್ಲಿಗೂ ಬಂದಿತು. ಇಷ್ಟರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ನಡೆದಿತ್ತು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ಸ್ತ್ರೀಧನದ ಮೇಲೆ ಹೆಣ್ಣಿಗೆ ಪೂರ್ಣ ಒಡೆತನವನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹಕ್ಕು ಕಲ್ಪಿಸಿದವು. ನಮ್ಮಲ್ಲಿ ಗಂಡಹೆಂಡಿರಿಗೆ ಜಂಟಿ ರಿಟರ್ನು ಎಂಬುದೇ ಇಲ್ಲ. ಅವನ ಲೆಕ್ಕ ಅವನಿಗೆ, ಅವಳ ಲೆಕ್ಕ ಅವಳಿಗೆ.

ಅಮೆರಿಕದ ದಾರಿ ಬೇರೆ. ಅಲ್ಲಿ ದಂಪತಿಗಳು ಒಂದೇ ರಿಟರ್ನು ಸಲ್ಲಿಸುವ ಅವಕಾಶ 1918ರಲ್ಲಿ ಬಂದಿತು. ಕೆಲವು ರಾಜ್ಯಗಳಲ್ಲಿ ಗಂಡನ ಗಳಿಕೆಯಲ್ಲಿ ಅರ್ಧ ಹೆಂಡತಿಯದೆಂಬ ಕಾನೂನಿತ್ತು. ಅಲ್ಲಿಯ ದಂಪತಿಗಳು ವರಮಾನವನ್ನು ಎರಡಾಗಿ ಹಂಚಿ ತೆರಿಗೆ ಉಳಿಸಿಕೊಳ್ಳುತ್ತಿದ್ದರು. 1930ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು; 1948ರಲ್ಲಿ ಎಲ್ಲ ರಾಜ್ಯಗಳ ದಂಪತಿಗಳಿಗೂ ಆ ಅನುಕೂಲ ದೊರೆಯಿತು. ಅದರ ಜೊತೆಗೆ ಒಂದು ಹೊಣೆಯೂ ಇದೆ: 1938ರ ಕಾಯಿದೆಯಂತೆ, ಜಂಟಿ ರಿಟರ್ನಿಗೆ ರುಜು ಹಾಕಿದ ಮೇಲೆ ಇಡೀ ತೆರಿಗೆಗೆ ಇಬ್ಬರಲ್ಲಿ ಪ್ರತಿಯೊಬ್ಬರೂ ಬಾಧ್ಯರು.

ಪರದೇಶದಲ್ಲಿರುವ ಹೆಂಡತಿಯ ಗತಿಯೇನು? ಅಲ್ಲಿಯ ತೆರಿಗೆಯವರು ವೀಸಾದ ಜೊತೆಗೆ ದಿನಗಳನ್ನೂ ಎಣಿಸುತ್ತಾರೆ. ಈ ವರ್ಷದ ಎಲ್ಲ ದಿನಗಳು, ಹೋದ ವರ್ಷದ ದಿನಗಳಲ್ಲಿ ಮೂರನೆಯ ಒಂದು ಪಾಲು, ಅದರ ಹಿಂದಿನ ವರ್ಷದವುಗಳಲ್ಲಿ ಆರನೆಯ ಒಂದು ಪಾಲು ಸೇರಿ 183 ಮುಟ್ಟಿದರೆ, ಈ ವರ್ಷ 31 ದಿನವಾದರೂ ಅಲ್ಲಿದ್ದರೆ, ವೀಸಾದವನು ತೆರಿಗೆಯ ಮಟ್ಟಿಗೆ ಅಲ್ಲಿಯ ನಿವಾಸಿ. (ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಈ ಎಣಿಕೆಯಿಲ್ಲ.) ಊರಿನಲ್ಲೇ ಉಳಿದ ಹೆಂಡತಿ ನಿವಾಸಿಯಲ್ಲ. ಇಂಥ ಜೋಡಿಗೆ ಜಂಟಿ ರಿಟರ್ನಿನ ಬಾಗಿಲು ತೆರೆದದ್ದು 1976ರ ಕಾಯಿದೆ. ಆಕೆಯನ್ನೂ ನಿವಾಸಿಯೆಂದೇ ಎಣಿಸಿರೆಂದು ಇಬ್ಬರೂ ರುಜು ಹಾಕಿ ಒಪ್ಪಿದರೆ ಸಾಕು. ಆದರೆ ಅಂದಿನಿಂದ ಇಬ್ಬರಿಗೂ ಜಗತ್ತಿನಲ್ಲಿ ಎಲ್ಲೆಲ್ಲಿಂದ ಬರುವ ಆದಾಯವೂ ಆ ಲೆಕ್ಕಕ್ಕೆ ಸೇರುತ್ತದೆ.

ನರಸೀಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡ ಕಳುಹಿಸಿದ ಇಂಥದೊಂದು ಕಾಗದವನ್ನು ನನಗೆ ತೋರಿಸಿದಳು. ತಲಕಾಡಿನ ಬಳಿಯ ಮಾಧವಮಂತ್ರಿ ನಾಲೆಯ ಕೆಳಗೆ, ತಂದೆಯಿಂದ ಬಂದ ಎರಡು ಎಕರೆ ಗದ್ದೆ ಅವಳ ಹೆಸರಿನಲ್ಲಿದೆ. "ಸಾರ್, ಇದಕ್ಕೆ ರುಜು ಹಾಕಿದ್ರೆ ನನ್ನ ಗದ್ದೆ ಅವರ ಲೆಕ್ಕಕ್ಕೆ ಹೋಗುತ್ತಾ?" ಎಂದು ಕೇಳಿದಳು.

ಗದ್ದೆ ಹೋಗುವುದಿಲ್ಲ, ಅದರ ಆದಾಯ ಹೋಗುತ್ತದೆ. ಭಾರತಕ್ಕೂ ಅಮೆರಿಕಕ್ಕೂ 1989ರಲ್ಲಿ ಆದ ಒಪ್ಪಂದದಂತೆ ಇಲ್ಲಿ ಕಟ್ಟಿದ ವರಮಾನ ತೆರಿಗೆಯನ್ನು ಅಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನಂಜನಗೂಡಿನ ಮನೆಯ ಬಾಡಿಗೆಗೆ ಇಲ್ಲಿ ತೆರಿಗೆ ಕಟ್ಟಿದ್ದರೆ ಅಷ್ಟು ಸಮಾಧಾನ. ಭತ್ತದ ಗದ್ದೆಯ ವಿಷಯ ಹಾಗಲ್ಲ. ಬೇಸಾಯದ ಆದಾಯಕ್ಕೆ ಇಲ್ಲಿ ಕೇಂದ್ರದ ವರಮಾನ ತೆರಿಗೆಯೇ ಇಲ್ಲ. ಇಲ್ಲಿ ಕಟ್ಟದ್ದನ್ನು ಅಲ್ಲಿ ಕಳೆಯುವುದೆಂತು? 1886ರಿಂದ ನಮ್ಮ ಕಾನೂನು ಬಿಟ್ಟದ್ದನ್ನು ಒಂದು ರುಜುವಿನ ಬಲದಿಂದ ಇನ್ನೊಂದು ದೇಶ ಎಣಿಸಿಕೊಳ್ಳುತ್ತದೆ. ಗಂಡ ಬೇರೆಯಾಗಿಯೇ ರಿಟರ್ನು ಸಲ್ಲಿಸಿದರೆ, ಅಮೆರಿಕದಲ್ಲಿ ಏನೂ ಗಳಿಸದ ಆಕೆಯ ಗದ್ದೆಯ ಸುದ್ದಿ ಆ ದೇಶಕ್ಕೆ ಬೇಕಾಗುವುದಿಲ್ಲ. ಆದರೆ ಅವನ ಸಂಬಳದ ಮೇಲೆ ತೆರಿಗೆ ಹೆಚ್ಚಾಗಬಹುದು.

ಜಂಟಿ ರಿಟರ್ನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೆಂಡತಿಗೆ ಬೇರೆ ಆದಾಯವಿಲ್ಲದ ಮನೆಗಳಲ್ಲಿ ಅದರಿಂದ ಲಾಭವೇ ಹೆಚ್ಚು. ಎರಡು ಬಗೆಯಲ್ಲಿಯೂ ಲೆಕ್ಕ ಹಾಕಿಸಿ, ಯಾರ ಪಾಲಿನಿಂದ ಎಷ್ಟು ಹೋಗುತ್ತದೆಂದು ಇಬ್ಬರೂ ಕೂತು ನೋಡಬೇಕು, ಅಷ್ಟೆ. ಒಮ್ಮೆ ಕೊಟ್ಟ ಒಪ್ಪಿಗೆ ವರ್ಷವರ್ಷವೂ ಮುಂದುವರಿಯುತ್ತದೆ. ಅದನ್ನು ಹಿಂತೆಗೆದುಕೊಂಡರೆ ಅದೇ ದಂಪತಿಗಳಿಗೆ ಮತ್ತೆ ಆ ಅವಕಾಶವಿಲ್ಲ. ಮನೆದೆರೆಯ ಕಾಲದಲ್ಲಿ ಹೆಣ್ಣಿನ ಹೆಸರು ಯಾವ ಲೆಕ್ಕದಲ್ಲಿಯೂ ಇರಲಿಲ್ಲ. ಇಂದು ಅದು ಪಹಣಿಯಲ್ಲಿದೆ. ಆ ಹೆಸರಿನವಳನ್ನು ಕೇಳದೆ, ಅವಳಿಗೆ ತಿಳಿಯಹೇಳದೆ, ಬರಿಯ ರುಜುವನ್ನು ತರಿಸಿಕೊಳ್ಳುವುದು ಸಲ್ಲದು.