ದಿ ಬಿಗ್ಗೆಸ್ಟ್ ಲೂಸರ್

ತೂಕ ಇಳಿಸುವ ಸ್ಪರ್ಧೆಯನ್ನು ಆಧರಿಸಿದ ಅಮೆರಿಕದ ರಿಯಾಲಿಟಿ ಟಿವಿ ಕಾರ್ಯಕ್ರಮ. ಎನ್‌ಬಿಸಿ ವಾಹಿನಿಯಲ್ಲಿ 2004ರ ಅಕ್ಟೋಬರ್‌ನಲ್ಲಿ ಆರಂಭವಾಗಿ 2016ರವರೆಗೆ ನಡೆಯಿತು. 2020ರಲ್ಲಿ ಬೇರೊಂದು ವಾಹಿನಿಯಲ್ಲಿ ಮರಳಿತು. ಹಿಂದಿ ರೂಪ ‘ಬಿಗ್ಗೆಸ್ಟ್ ಲೂಸರ್ ಜೀತೇಗಾ’ 2007ರಲ್ಲಿ ಸಹಾರಾ ಒನ್‌ನಲ್ಲಿ ಬಂತು. ಮೂಲ್ಕಿ ಮೂಲದ ನಟ ಸುನೀಲ್ ಶೆಟ್ಟಿ ಅದರ ನಿರೂಪಕ. ಸ್ಪರ್ಧಿಗಳು ಮನೆಯಿಂದ ದೂರವಿದ್ದು, ತರಬೇತುದಾರರ ಕಣ್ಗಾವಲಲ್ಲಿ ಮಿತ ಆಹಾರ ಸೇವಿಸಿ ಗಂಟೆಗಟ್ಟಲೆ ವ್ಯಾಯಾಮ ಮಾಡುತ್ತಾರೆ. ವಾರದ ಕೊನೆಗೆ ದೊಡ್ಡ ತಕ್ಕಡಿಯ ಮೇಲೆ ನಿಂತಾಗ ಪರದೆಯ ಅಂಕಿಗಳು ಏರಿಳಿದು ಒಂದೆಡೆ ನಿಲ್ಲುವ ಆ ಕೆಲವು ಕ್ಷಣಗಳೇ ಕಾರ್ಯಕ್ರಮದ ಜೀವಾಳ. ಮೂಲ ತೂಕದ ಶೇಕಡಾವಾರು ಇಳಿಕೆ ಗೆಲುವನ್ನು ನಿರ್ಣಯಿಸುತ್ತದೆ.

ಆದರೆ ತಕ್ಕಡಿ ತೋರುವುದು ಆ ದಿನದ ತೂಕವನ್ನಷ್ಟೇ. ದೇಹದ ಲೆಕ್ಕ ಬೇರೆ. ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಅಮೆರಿಕದ ಕಾರ್ಯಕ್ರಮದ 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋ ಮರಳಿ ಪಡೆದಿದ್ದರು. ವಿಶ್ರಾಂತಿಯಲ್ಲಿ ಅವರ ದೇಹ, ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ವ್ಯಯಿಸುತ್ತಿತ್ತು. ಹಾಗಾಗಿ ತೂಕ ಮರಳಿದ್ದನ್ನು ಮನೋಬಲದ ಸೋಲೆಂದು ದೂರುವುದು ಅನ್ಯಾಯ. ಸ್ಪರ್ಧೆ ಹಲವರಿಗೆ ಹುರುಪು ಕೊಟ್ಟಿತೆಂಬ ವಾದದಲ್ಲಿ ಹುರುಳಿದೆ. ಇಳಿಕೆ ಉಳಿಸಿಕೊಂಡವರು ದೈಹಿಕ ಚಟುವಟಿಕೆಯನ್ನೂ ಹೆಚ್ಚಿಸಿಕೊಂಡಿದ್ದರೆಂದು ಮುಂದಿನ ಅಧ್ಯಯನ ತೋರಿಸಿತು. ಆದರೆ ಅದು ವರ್ಷಗಟ್ಟಲೆ ನಿತ್ಯ ನಡೆಯಬೇಕಾದ ಕೆಲಸ. ಬೆಂಗಳೂರಿನ ಸಿ.ವಿ. ರಾಮನ್ ನಗರದ ಬಾಗಮನೆ ಟೆಕ್ ಪಾರ್ಕ್‌ನಂಥ ಕಡೆ ದಿನವಿಡೀ ಕುಳಿತು ದುಡಿಯುವವರಿಗೆ ಸ್ಪರ್ಧೆಯ ಆ ಬಿಡುವಾಗಲಿ ಕಣ್ಗಾವಲಾಗಲಿ ಸಿಗುವುದಿಲ್ಲ.