ಪುರುಷರ ಸಂತಾನಶಕ್ತಿಗೆ ಪ್ಲಾಸ್ಟಿಕ್ ಪೆಟ್ಟು: ಗರ್ಭದಲ್ಲೇ ಆರಂಭ

ಮದುವೆಯಾಗಿ ಕೆಲವು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ದೂರುವ ಬೆರಳು ಮೊದಲು ತಿರುಗುವುದು ಹೆಣ್ಣಿನತ್ತ. ‘ಬಂಜೆ’ ಎಂಬ ನಿಂದೆಯೂ ಅವಳಿಗೇ ಮೀಸಲು. ಆದರೆ ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿರುವ ಸಂಗತಿ. ಜಗತ್ತಿನ ಪ್ರತಿ ಆರು ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ಸಮಸ್ಯೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪುರುಷರ ಪಾಲಿನ ಕಾರಣಗಳಲ್ಲಿ ತಂಬಾಕು, ಮದ್ಯ, ಬೊಜ್ಜು, ಸೋಂಕುಗಳ ಜೊತೆಗೆ ವಿಜ್ಞಾನಿಗಳ ಗಮನ ಸೆಳೆದಿರುವುದು ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕಗಳು.

ಇಳಿಮುಖದ ಲೆಕ್ಕ: ಚರ್ಚೆ ಕಾವೇರಿದ್ದು 1992ರಲ್ಲಿ. ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ಮತ್ತು ಸಂಗಡಿಗರು 61 ಅಧ್ಯಯನಗಳನ್ನು ಒಟ್ಟುಗೂಡಿಸಿ, 1940ರಲ್ಲಿ ಪ್ರತಿ ಮಿಲಿಲೀಟರ್ ವೀರ್ಯದಲ್ಲಿ ಸರಾಸರಿ 11.3 ಕೋಟಿಯಷ್ಟಿದ್ದ ವೀರ್ಯಾಣುಗಳ ಸಂಖ್ಯೆ 1990ರ ವೇಳೆಗೆ 6.6 ಕೋಟಿಗೆ ಇಳಿದಿದೆ ಎಂದು ವರದಿ ಮಾಡಿದರು. ಜೆರುಸಲೇಮಿನ ಹಗಾಯ್ ಲೆವಿನ್, ನ್ಯೂಯಾರ್ಕಿನ ಶಾನಾ ಸ್ವಾನ್ ಮತ್ತಿತರರು 2022ರಲ್ಲಿ ಪ್ರಕಟಿಸಿದ ಸಮೀಕ್ಷೆ 53 ದೇಶಗಳ ಅಂಕಿಅಂಶಗಳನ್ನು ಒಳಗೊಂಡಿತ್ತು. ಅದರ ಪ್ರಕಾರ 1973ರಲ್ಲಿ 10.1 ಕೋಟಿಯಷ್ಟಿದ್ದ ಸಾಂದ್ರತೆ 2018ರ ಹೊತ್ತಿಗೆ 4.9 ಕೋಟಿಗೆ ಕುಸಿದಿದೆ.

ಈ ಲೆಕ್ಕಕ್ಕೆ ಆಕ್ಷೇಪಗಳೂ ಇವೆ. ವೀರ್ಯಾಣು ಎಣಿಸುವ ವಿಧಾನ ದಶಕದಿಂದ ದಶಕಕ್ಕೆ ಬದಲಾಗಿದೆ. 1996ರಿಂದ ಎರಡು ದಶಕ ಕಾಲ ಡೆನ್ಮಾರ್ಕಿನ ಯುವಕರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ಸಂಖ್ಯೆ ಮತ್ತಷ್ಟು ಇಳಿದದ್ದು ಕಂಡುಬರಲಿಲ್ಲ. ಅಲ್ಲದೆ 4.9 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿಯಾದ 1.6 ಕೋಟಿಗಿಂತ ಬಹಳ ಮೇಲಿದೆ. ಸರಾಸರಿ ಕುಸಿದಂತೆ ಆ ಮಿತಿಯ ಕೆಳಗೆ ಬೀಳುವವರ ಪ್ರಮಾಣ ಹೆಚ್ಚುತ್ತದೆ ಎಂಬುದೇ ಸಂಶೋಧಕರ ಆತಂಕ.

ಬೆಸುಗೆಯಿಲ್ಲದ ಬೆರಕೆ: ಪಿವಿಸಿ ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡಸು. ಅದನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸಲಾಗುತ್ತದೆ. ನೆಲಹಾಸು, ಕೊಳವೆ, ಕೃತಕ ಚರ್ಮ, ರಕ್ತದ ಚೀಲಗಳಲ್ಲಿ ಇವುಗಳ ಬಳಕೆಯಿದೆ. ಸುಗಂಧದ್ರವ್ಯ ಮತ್ತು ಉಗುರುಬಣ್ಣಗಳಲ್ಲೂ ಕೆಲವು ಬಗೆಯವು ಸೇರುತ್ತವೆ. ಥ್ಯಾಲೇಟ್ ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಹೀಗಾಗಿ ಕಾಲಕ್ರಮೇಣ ಹೊರಜಿನುಗುತ್ತದೆ. ಬಿಸಿ ಮತ್ತು ಎಣ್ಣೆಯಂಶ ಈ ಜಿನುಗುವಿಕೆಯನ್ನು ಹೆಚ್ಚಿಸುತ್ತವೆ.

ಮೂರನೇ ತಿಂಗಳ ಕಿಂಡಿ: ಗಂಡು ಭ್ರೂಣದ ಜನನಾಂಗಗಳು ರೂಪುಗೊಳ್ಳಲು ವೃಷಣಗಳು ಸ್ರವಿಸುವ ಟೆಸ್ಟೋಸ್ಟಿರಾನ್ ಹಾರ್ಮೋನು ಅಗತ್ಯ. ಮನುಷ್ಯರಲ್ಲಿ ಇದರ ನಿರ್ಣಾಯಕ ಅವಧಿ ಗರ್ಭಧಾರಣೆಯ ಸುಮಾರು 8ರಿಂದ 14ನೇ ವಾರ. ಗರ್ಭಿಣಿ ಇಲಿಗಳಿಗೆ ಕೆಲವು ಥ್ಯಾಲೇಟ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ ನೀಡಿದಾಗ ಗಂಡು ಮರಿಗಳಲ್ಲಿ ಈ ಹಾರ್ಮೋನಿನ ಉತ್ಪಾದನೆ ತಗ್ಗಿತು. ವೃಷಣಗಳು ಚೀಲಕ್ಕೆ ಇಳಿಯದಿರುವುದು, ಮೂತ್ರದ್ವಾರ ಸ್ಥಾನಪಲ್ಲಟವಾಗುವುದು, ವೀರ್ಯಾಣುಗಳು ಕಡಿಮೆಯಾಗುವುದು ಇದರ ಪರಿಣಾಮ. ಶಾನಾ ಸ್ವಾನ್ ತಂಡ 2005ರಲ್ಲಿ ಅಮೆರಿಕದ ತಾಯಂದಿರ ಮತ್ತು ಗಂಡುಮಕ್ಕಳ ಅಧ್ಯಯನ ಪ್ರಕಟಿಸಿತು. ಬಸುರಿನಲ್ಲಿ ತಾಯಿಯ ಮೂತ್ರದಲ್ಲಿ ಕೆಲವು ಥ್ಯಾಲೇಟ್‌ಗಳ ಅಂಶ ಹೆಚ್ಚಿದ್ದಲ್ಲಿ, ಮಗುವಿನ ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕಡಿಮೆಯಿತ್ತು. ಗರ್ಭದಲ್ಲಿ ಪುರುಷ ಹಾರ್ಮೋನಿನ ಕೊರತೆಯಾದುದರ ಗುರುತು ಇದು.

ವಯಸ್ಕನಲ್ಲಿ ವೀರ್ಯಾಣುವೊಂದು ಬೆಳೆಯಲು ಸುಮಾರು ಎರಡೂವರೆ ತಿಂಗಳು ಸಾಕು. ಆದ್ದರಿಂದ ಆಗ ಉಂಟಾದ ಹಾನಿ ಒಂದಷ್ಟು ಸರಿಹೋಗುವ ಅವಕಾಶವಿದೆ. ಅಂಗ ರೂಪುಗೊಳ್ಳುವಾಗಲೇ ಆದ ಹಾನಿಗೆ ಅಂತಹ ಅವಕಾಶ ಬಹಳ ಕಡಿಮೆ. ಗಂಡಸಿನ ಸಂತಾನಶಕ್ತಿಯ ಪ್ರಶ್ನೆ ಅವನ ತಾಯಿ ಉಂಡ ತಟ್ಟೆಯಿಂದಲೇ ಆರಂಭವಾಗುವುದು ಹೀಗೆ. ತಾಯಿಯನ್ನು ದೂರಲು ಇದು ಕಾರಣವಾಗದು. ಆ ತಟ್ಟೆಯಲ್ಲಿ ಏನು ಬೆರೆತಿದೆಯೆಂದು ತಿಳಿಯುವ ದಾರಿ ಅವಳಿಗಿರುವುದಿಲ್ಲ.

ಬಿಸ್ಫಿನಾಲ್-ಎ: ಗಡಸಾದ ಪಾರದರ್ಶಕ ಪಾಲಿಕಾರ್ಬೊನೇಟ್ ತಯಾರಿಕೆ, ಆಹಾರದ ಡಬ್ಬಿಗಳ ಒಳಲೇಪ, ಅಂಗಡಿಗಳ ರಸೀದಿ ಕಾಗದ ಇವುಗಳಲ್ಲಿ ಬಳಕೆಯಾಗುತ್ತ ಬಂದ ರಾಸಾಯನಿಕ ಇದು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆಂಬುದು 1930ರ ದಶಕದಲ್ಲೇ ತಿಳಿದಿತ್ತು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಇದರ ದೈನಂದಿನ ಸಹನೀಯ ಮಿತಿಯನ್ನು ಹಿಂದಿನದಕ್ಕಿಂತ 20,000 ಪಟ್ಟು ತಗ್ಗಿಸಿತು. ‘ಬಿಪಿಎ ರಹಿತ’ ಎಂಬ ಚೀಟಿಯೂ ಪೂರ್ಣ ಭರವಸೆಯಲ್ಲ. ಬದಲಿಯಾಗಿ ಬಂದ ಬಿಸ್ಫಿನಾಲ್-ಎಸ್ ಕೂಡ ಹಾರ್ಮೋನುಗಳ ಮೇಲೆ ಇಂಥದೇ ಪ್ರಭಾವ ತೋರಿದೆ.

ವೃಷಣದಲ್ಲಿ ಸೂಕ್ಷ್ಮಕಣ: ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ತಂಡ 2024ರಲ್ಲಿ 23 ಪುರುಷರ ಮತ್ತು 47 ನಾಯಿಗಳ ವೃಷಣಗಳನ್ನು ಪರೀಕ್ಷಿಸಿ, ಎಲ್ಲದರಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಕಂಡಿತು. ಮನುಷ್ಯರಲ್ಲಿ ಅದರ ಪ್ರಮಾಣ ನಾಯಿಗಳದಕ್ಕಿಂತ ಎರಡೂವರೆ ಪಟ್ಟಿಗೂ ಅಧಿಕ. ಪಿವಿಸಿ ಹೆಚ್ಚಿದ್ದ ನಾಯಿಗಳಲ್ಲಿ ವೀರ್ಯಾಣುಗಳು ಕಡಿಮೆಯಿದ್ದವು. ಮನುಷ್ಯರ ಮಾದರಿಗಳನ್ನು ರಾಸಾಯನಿಕದಲ್ಲಿ ಕಾಪಿಟ್ಟಿದ್ದರಿಂದ ಅವುಗಳಲ್ಲಿ ವೀರ್ಯಾಣು ಎಣಿಸಲಾಗಲಿಲ್ಲ. ಕಣ ಅಲ್ಲಿದೆ ಎಂಬುದು ಸಿದ್ಧವಾಗಿದೆ. ಅದೇ ಹಾನಿಯ ಕಾರಣವೆಂದು ಸಿದ್ಧವಾಗಿಲ್ಲ.

ಕಾನೂನಿನ ಕೈ: ಐರೋಪ್ಯ ಒಕ್ಕೂಟ ಮಕ್ಕಳ ಆಟಿಕೆಗಳಲ್ಲಿ ಥ್ಯಾಲೇಟ್‌ಗಳನ್ನು 1999ರಲ್ಲಿ ತಾತ್ಕಾಲಿಕವಾಗಿ, 2005ರಲ್ಲಿ ಶಾಶ್ವತವಾಗಿ ನಿರ್ಬಂಧಿಸಿತು. ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಸ್ಫಿನಾಲ್-ಎ ನಿಷೇಧ ಅಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂತು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ಬ್ಯಾನರುಗಳನ್ನು ನಿಷೇಧಿಸಿತು. ಆದರೆ ಇಂಥ ನಿಷೇಧದ ಗುರಿ ತ್ಯಾಜ್ಯವೇ ಹೊರತು ಅದರೊಳಗಿನ ರಾಸಾಯನಿಕವಲ್ಲ. ರಾಜ್ಯದ ಹೋಟೆಲುಗಳಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು 2025ರ ಫೆಬ್ರವರಿಯಲ್ಲಿ ಪತ್ತೆಯಾಗಿ, ಸರ್ಕಾರ ಅದನ್ನು ನಿಷೇಧಿಸಿತು. ಅಂಥ ಹಾಳೆಯಲ್ಲಿ ಏನೇನು ಬೆರೆತಿದೆ ಎಂಬುದನ್ನು ಗ್ರಾಹಕ ಕಣ್ಣಳತೆಯಲ್ಲಿ ಅರಿಯಲಾರ.

ಕೈಯಲ್ಲಿರುವ ಉಪಾಯ: ಥ್ಯಾಲೇಟ್ ಮತ್ತು ಬಿಸ್ಫಿನಾಲ್-ಎ ದೇಹದಲ್ಲಿ ಬಹುಕಾಲ ನಿಲ್ಲುವುದಿಲ್ಲ, ಒಂದೆರಡು ದಿನಗಳಲ್ಲಿ ಬಹುಪಾಲು ಮೂತ್ರದೊಂದಿಗೆ ಹೊರಹೋಗುತ್ತವೆ. ಕ್ಯಾಲಿಫೋರ್ನಿಯಾದ 5 ಕುಟುಂಬಗಳ 20 ಮಂದಿ ಮೂರು ದಿನ ಡಬ್ಬಿ, ಪೊಟ್ಟಣಗಳ ಆಹಾರ ಬಿಟ್ಟು ತಾಜಾ ಅಡುಗೆ ಉಂಡಾಗ ಅವರ ಮೂತ್ರದಲ್ಲಿ ಬಿಸ್ಫಿನಾಲ್-ಎ ಸರಾಸರಿ ಶೇ.66ರಷ್ಟು ಇಳಿದುದನ್ನು 2011ರ ಅಧ್ಯಯನವೊಂದು ದಾಖಲಿಸಿದೆ. ಬಿಸಿ ಸಾಂಬಾರು, ಕಾಫಿಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಸದೆ ಸ್ಟೀಲು ಡಬ್ಬಿ ಒಯ್ಯುವುದು, ಮೈಕ್ರೋವೇವ್‌ನಲ್ಲಿ ಗಾಜು ಅಥವಾ ಪಿಂಗಾಣಿ ಪಾತ್ರೆ ಬಳಸುವುದು ಕಷ್ಟದ ಕೆಲಸವಲ್ಲ. ಗರ್ಭಿಣಿಯರಿರುವ ಮನೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಸಂತಾನದ ನಿರೀಕ್ಷೆಯಲ್ಲಿರುವ ದಂಪತಿ ಇಬ್ಬರೂ ಒಟ್ಟಿಗೆ ತಪಾಸಣೆಗೆ ಒಳಗಾಗುವುದು ಸೂಕ್ತ. ವೀರ್ಯ ಪರೀಕ್ಷೆ ಸರಳವಾದದ್ದು, ನೋವಿಲ್ಲದ್ದು. ಗಂಡ ಸಂಕೋಚದಿಂದ ಅದನ್ನು ಮುಂದೂಡಿದಷ್ಟು ಕಾಲ ಹೆಂಡತಿ ಅನಗತ್ಯ ಚಿಕಿತ್ಸೆಯನ್ನೂ ಅನ್ಯಾಯದ ನಿಂದೆಯನ್ನೂ ಹೊರಬೇಕಾಗುತ್ತದೆ.