ದಾರಿಹೋಕನ ಪಿಸ್ತೂಲು

1813ರಲ್ಲಿ ಅಮೆರಿಕದ ಕೆಂಟಕಿ ರಾಜ್ಯ ಒಂದು ಕಾಯ್ದೆ ಮಾಡಿತು. ಜೇಬು ಪಿಸ್ತೂಲು, ಬಾಕು, ದೊಡ್ಡ ಚೂರಿ, ಗುಪ್ತಿ, ಇವುಗಳಲ್ಲಿ ಯಾವುದನ್ನಾದರೂ ಮರೆಯಲ್ಲಿಟ್ಟುಕೊಂಡು ತಿರುಗಿದರೆ 100 ಡಾಲರಿಗೆ ಕಡಿಮೆಯಿಲ್ಲದ ದಂಡ. ಅದೇ ವಾಕ್ಯದ ನಡುವೆ ಪುಟ್ಟದೊಂದು ವಿನಾಯಿತಿಯೂ ಕೂತಿತ್ತು: ಪ್ರಯಾಣದಲ್ಲಿರುವವನಿಗೆ ಇದು ಲಾಗೂ ಆಗದು. 1820ರ ಇಂಡಿಯಾನಾ ಕಾಯ್ದೆಯೂ ಪ್ರಯಾಣಿಕನನ್ನು ಹಾಗೆಯೇ ಹೊರಗಿಟ್ಟಿತು. ಊರೊಳಗೆ ಆಯುಧ ಬಚ್ಚಿಟ್ಟುಕೊಂಡವನು ಕೇಡಿಗ, ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡವನು ಮರ್ಯಾದಸ್ಥ ಎಂಬುದು ಆ ಕಾಲದ ತಿಳಿವಳಿಕೆ. ಆದರೆ ಕಾಡುದಾರಿ ಹಿಡಿದವನಿಗೆ ನೆರೆಹೊರೆಯಿಲ್ಲ, ಕೂಗಿದರೆ ಓಡಿಬರುವ ಕಾನ್‌ಸ್ಟೆಬಲ್ಲೂ ಇಲ್ಲ. ಮನೆಯಿಂದ ದೂರವಿದ್ದಾನೆ ಎಂಬುದೇ ಅವನ ಪರವಾದ ಕಾರಣವಾಗಿತ್ತು. ಎರಡು ಶತಮಾನ ಕಳೆದ ಮೇಲೆ ಈ ಲೆಕ್ಕ ತಲೆಕೆಳಗಾಗಿದೆ. ಹೊರದೇಶದಲ್ಲಿ ಮನೆ ಮಾಡಿಕೊಂಡಿರುವ ಅಮೆರಿಕನ್ ಪ್ರಜೆ ತಾಯ್ನಾಡಿಗೆ ಬಂದು ಪಿಸ್ತೂಲು ಮರೆಯಲ್ಲಿಟ್ಟುಕೊಳ್ಳುವ ಪರವಾನಗಿ ಕೇಳಿದರೆ ಅವನ ದಾರಿಗೆ ಅಡ್ಡ ಬರುವುದು 'ನಿಮ್ಮ ವಾಸ ಎಲ್ಲಿ?' ಎಂಬ ಪ್ರಶ್ನೆ. ಪರಿಚಯ ಅಳೆಯಲು ಹುಟ್ಟಿದ ಪ್ರಶ್ನೆ ಇದು. ಅಪಾಯ ಅಳೆಯುವ ಕೆಲಸವನ್ನು ಅದಕ್ಕೆ ಆಮೇಲೆ ಹಚ್ಚಲಾಯಿತು ಎಂಬುದು ನನ್ನ ವಾದ.

ಪರವಾನಗಿ ಎಂಬುದೇ ತಡವಾಗಿ ಬಂದ ಪದ್ಧತಿ. ಪಿಸ್ತೂಲಿಗೆ ಪರವಾನಗಿ ಬೇಕೆಂದ ನ್ಯೂಯಾರ್ಕಿನ ಸಲಿವನ್ ಕಾಯ್ದೆ ಬಂದದ್ದು 1911ರಲ್ಲಿ. ಪಿಸ್ತೂಲು ಒಳಗಿಟ್ಟುಕೊಂಡು ಓಡಾಡಲು 'ತಕ್ಕ ಕಾರಣ' ತೋರಿಸಬೇಕೆಂದು 1913ರಲ್ಲಿ ತಿದ್ದುಪಡಿಯಾಯಿತು. ಕ್ಯಾಲಿಫೋರ್ನಿಯಾದ 1923ರ ಕಾಯ್ದೆ ಅಧಿಕಾರವನ್ನು ಕೌಂಟಿಯ ಷೆರಿಫನಿಗೂ ಊರಿನ ಪೊಲೀಸ್ ಮುಖ್ಯಸ್ಥನಿಗೂ ಕೊಟ್ಟು, ಅರ್ಜಿದಾರ 'ಒಳ್ಳೆಯ ನಡತೆಯವನು' ಎಂದು ಸಾಬೀತಾಗಬೇಕು ಎಂದಿತು. ನಡತೆಯನ್ನು ಸಾಬೀತು ಮಾಡುವುದು ಹೇಗೆ? ಬೆರಳಚ್ಚುಗಳ ರಾಷ್ಟ್ರೀಯ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದಕ್ಕಿದ್ದದ್ದು ಒಂದೇ ದಾರಿ, ಊರವರ ಬಾಯಿ. ಪರವಾನಗಿಯೆಂದರೆ 'ಇವನು ನಮಗೆ ಗೊತ್ತಿರುವವನು' ಎಂದು ಊರು ಬರೆದುಕೊಟ್ಟ ಚೀಟಿ. (ಗೊತ್ತಿಲ್ಲದವರು, ಗೊತ್ತಿದ್ದೂ ಬೇಡವಾದವರು, ಅಂದರೆ ವಲಸೆ ಬಂದವರು ಮತ್ತು ಕರಿಯರು, ಈ ಚೀಟಿಯಿಂದ ದೂರ ಉಳಿದದ್ದು ಬೇರೆಯೇ ದೊಡ್ಡ ಕಥೆ.) 1932ರಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆಂದು ಮಾಡಿದ ಪಿಸ್ತೂಲು ಕಾಯ್ದೆಯಲ್ಲಿ ಈ ಪರಿಚಯದ ತರ್ಕ ಸ್ಪಷ್ಟವಾಗಿದೆ. ನಗರದಲ್ಲಿ ನಿಜವಾದ ವಾಸ ಅಥವಾ ವ್ಯಾಪಾರದ ಜಾಗ ಇರಬೇಕು. ಇಲ್ಲವಾದರೆ ದೇಶದೊಳಗೆ ಎಲ್ಲಾದರೂ ಅಂಥ ವಾಸ ಅಥವಾ ವ್ಯಾಪಾರದ ಜಾಗವಿದ್ದು, ಯಾವುದಾದರೊಂದು ರಾಜ್ಯ ಕೊಟ್ಟ ಪರವಾನಗಿ ಕೈಯಲ್ಲಿರಬೇಕು. ಅಂದರೆ ನಮಗೆ ಗೊತ್ತಿಲ್ಲದಿದ್ದರೂ ನಮ್ಮಂಥ ಇನ್ನೊಂದು ಊರಿಗಾದರೂ ನೀವು ಗೊತ್ತಿರಬೇಕು.

ಫ್ಲೋರಿಡಾ 1987ರಲ್ಲಿ ಈ ಪರಿಚಯದ ವ್ಯವಸ್ಥೆಯನ್ನೇ ಕಿತ್ತುಹಾಕಿತು. ಕೌಂಟಿಗಳ ವಿವೇಚನೆ ಹೋಗಿ, ಪಟ್ಟಿಯಲ್ಲಿರುವ ಅರ್ಹತೆಗಳಿದ್ದವರಿಗೆ ರಾಜ್ಯವೇ ಪರವಾನಗಿ ಕೊಡಲೇಬೇಕೆಂಬ ನಿಯಮ ಬಂತು. ಅಲ್ಲಿ ಈಗ ಪಿಸ್ತೂಲಿನ ಪರವಾನಗಿ ಕೊಡುವುದು ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ. ಆ ಇಲಾಖೆಯ ಗುಮಾಸ್ತೆಗೆ ಅರ್ಜಿದಾರರ ಗುರುತಿರಬೇಕಾದ ಅಗತ್ಯವೇ ಇಲ್ಲ. ಹೊರರಾಜ್ಯದವರಿಗೂ ಪರವಾನಗಿ ಸಿಗುತ್ತದೆ. ಆದರೂ ಅರ್ಹತೆಗಳ ಪಟ್ಟಿಯ ಮೊದಲ ಸಾಲು 'ಸಂಯುಕ್ತ ಸಂಸ್ಥಾನದ ನಿವಾಸಿಯಾಗಿರಬೇಕು' ಎನ್ನುತ್ತದೆ, ಜೊತೆಗೆ ಪ್ರಜೆ ಅಥವಾ ಕಾಯಂ ವಾಸದ ಹಕ್ಕುಳ್ಳವರಾಗಿರಬೇಕು ಎನ್ನುತ್ತದೆ. ಹೀಗಾಗಿ ಗ್ರೀನ್ ಕಾರ್ಡ್ ಹಿಡಿದು ಫ್ಲೋರಿಡಾದ ಟ್ಯಾಂಪಾದಲ್ಲಿ ನೆಲೆಸಿದ ದಾವಣಗೆರೆಯವರು ಈ ಸಾಲನ್ನು ಸಲೀಸಾಗಿ ದಾಟುತ್ತಾರೆ. ಟ್ಯಾಂಪಾದಲ್ಲೇ ಹುಟ್ಟಿ ಈಗ ಬೆಂಗಳೂರಿನಲ್ಲಿ ನೆಲೆಸಿದ ಅಮೆರಿಕನ್ ಪ್ರಜೆ ಅಲ್ಲೇ ಎಡವುತ್ತಾರೆ. ಪರಿಚಯ ಹೋಯಿತು, ಪರಿಚಯಕ್ಕೆಂದು ಇಟ್ಟ ಷರತ್ತು ಮಾತ್ರ ಉಳಿಯಿತು. ಕೇಂದ್ರದ ಕಾನೂನೂ ಅದೇ ಜಾಡು ಹಿಡಿಯಿತು. 1968ರ ಬಂದೂಕು ನಿಯಂತ್ರಣ ಕಾಯ್ದೆ ಪಿಸ್ತೂಲು ಖರೀದಿಯನ್ನು ವಾಸದ ರಾಜ್ಯಕ್ಕೆ ಕಟ್ಟಿಹಾಕಿತು; 1994ರ ತಿದ್ದುಪಡಿ, ಯಾವ ರಾಜ್ಯದಲ್ಲೂ ವಾಸವಿಲ್ಲದವನು ಬೇಟೆ, ಕ್ರೀಡೆಯಂಥ ಉದ್ದೇಶಕ್ಕಲ್ಲದೆ ಬಂದೂಕು ಪಡೆಯಲೇಬಾರದು ಎಂದಿತು.

ವಾಸದ ಷರತ್ತನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹೊರಗಿನವನ ಅಪರಾಧದ ದಾಖಲೆ, ಮಾನಸಿಕ ಆರೋಗ್ಯದ ದಾಖಲೆ ನಮ್ಮ ಕೈಗೆ ಸಿಗುವುದಿಲ್ಲ ಎಂಬ ಇಲಿನಾಯ್ ರಾಜ್ಯದ ವಾದವನ್ನು 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಬೇರೆ ರಾಜ್ಯದವರ ವಿಷಯದಲ್ಲೇ ಹೀಗಾದರೆ ಬೇರೆ ದೇಶದಲ್ಲಿರುವವರ ಗತಿ? ಆದರೆ ಈ ಕಾಳಜಿ ಪ್ರಾಮಾಣಿಕವಾಗಿದ್ದರೆ, ಇಪ್ಪತ್ತು ವರ್ಷ ಪರದೇಶದಲ್ಲಿದ್ದು ನಿನ್ನೆ ಮರಳಿ ಬಾಡಿಗೆ ಮನೆ ಹಿಡಿದವನನ್ನೂ ಅಷ್ಟೇ ಜರಡಿ ಹಿಡಿಯಬೇಕಿತ್ತು. ಅವನ ಪರದೇಶದ ಚರಿತ್ರೆ ಅಡ್ಡಬರುವುದಿಲ್ಲ. ಜಪಾನಿಗೆ ಬಂದೂಕು ಸಾಗಿಸಿ ಅಲ್ಲಿ ಶಿಕ್ಷೆ ಅನುಭವಿಸಿ ಬಂದವನೊಬ್ಬ ಪೆನ್ಸಿಲ್ವೇನಿಯಾದಲ್ಲಿ ಪಿಸ್ತೂಲು ಕೊಂಡ ಪ್ರಕರಣದಲ್ಲಿ, ಕಾನೂನಿನಲ್ಲಿರುವ 'ಯಾವುದೇ ನ್ಯಾಯಾಲಯ' ಎಂಬ ಮಾತಿಗೆ ವಿದೇಶಿ ನ್ಯಾಯಾಲಯಗಳು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲಿ 5-3ರ ಬಹುಮತದಿಂದ ತೀರ್ಪಿತ್ತಿತು. ಅಪರಾಧಿಯ ವಿದೇಶಿ ಶಿಕ್ಷೆ ಲೆಕ್ಕಕ್ಕಿಲ್ಲ, ನಿರಪರಾಧಿಯ ವಿದೇಶಿ ವಿಳಾಸ ಲೆಕ್ಕಕ್ಕಿದೆ! ಇನ್ನು, ಪರದೇಶವಾಸಿಗೆ ರಾಜ್ಯವೆಂಬುದೇ ಇಲ್ಲ, ಅರ್ಜಿಯನ್ನು ಯಾರು ನೋಡಬೇಕು ಎಂಬ ಆಕ್ಷೇಪ. ತೆರಿಗೆಯ ವಿಷಯದಲ್ಲಿ ಈ ತೊಡಕು ಕಾಣಲಿಲ್ಲ. ಮೆಕ್ಸಿಕೋದಲ್ಲಿ ನೆಲೆಸಿದ ಪ್ರಜೆಯ ಅಲ್ಲಿನ ಆದಾಯಕ್ಕೂ ತೆರಿಗೆ ಹಾಕಬಹುದೆಂದು 1924ರಲ್ಲೇ ತೀರ್ಮಾನವಾಗಿತ್ತು. ಮತದಾನದಲ್ಲೂ ಕಾಣಲಿಲ್ಲ, 1986ರ ಕಾಯ್ದೆ ಪರದೇಶವಾಸಿಗೆ ಅವನು ಕೊನೆಗೆ ವಾಸವಿದ್ದ ರಾಜ್ಯದಲ್ಲೇ ಮತ ಹಾಕುವ ದಾರಿ ಮಾಡಿಕೊಟ್ಟಿತು. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಪರವಾನಗಿ ರದ್ದಾದಾಗ ಅದನ್ನು ವಾಪಸು ಪಡೆಯಲು ಕೈಗೆಟುಕುವ ವಿಳಾಸ ಬೇಕು. ಆದರೆ ಅದು ನೋಟಿಸು ಮುಟ್ಟಿಸುವ ಸಮಸ್ಯೆ. ಅದಕ್ಕೆ ಅರ್ಹತೆಯನ್ನೇ ನಿರಾಕರಿಸುವುದು ಇಲಿಗೆ ಹೆದರಿ ಮನೆ ಸುಟ್ಟಂತೆ.

2022ರಲ್ಲಿ ಸುಪ್ರೀಂ ಕೋರ್ಟು ನ್ಯೂಯಾರ್ಕಿನ 'ತಕ್ಕ ಕಾರಣ'ವನ್ನು ಹೊಡೆದುಹಾಕಿ, ಬಂದೂಕಿನ ಮೇಲಿನ ನಿರ್ಬಂಧಕ್ಕೆ ದೇಶದ ಚರಿತ್ರೆಯಲ್ಲಿ ಬೇರು ತೋರಿಸಬೇಕೆಂದಿತು. ಚರಿತ್ರೆಯನ್ನು ಕೆದಕಿದರೆ ಸಿಗುವುದು ಕೆಂಟಕಿಯ ಪ್ರಯಾಣಿಕ. ಅವನಿಗೆ ದೇಶದೊಳಗೇ ಮರಳುವ ಮನೆಯಿತ್ತು, ಪರದೇಶವಾಸಿಗೆ ಇಲ್ಲ ಎನ್ನಬಹುದು. ನಿಜ, ಇಬ್ಬರೂ ಒಂದೇ ಅಲ್ಲ. ಆದರೆ ಹೋಟೆಲ್ ಕೋಣೆಯಲ್ಲಿ ಮಲಗಿ, ಬಾಡಿಗೆ ಕಾರಿನಲ್ಲಿ ಗುರುತಿಲ್ಲದ ಊರು ಸುತ್ತುವಾಗ ಅವನೂ ದಾರಿಹೋಕನೇ. ಕೆನಡಾದಲ್ಲಿ ನೆಲೆಸಿದ ಪ್ರಜೆಯೊಬ್ಬ 1994ರ ನಿಯಮವನ್ನು ಪ್ರಶ್ನಿಸಿದಾಗ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ದಾವೆಯನ್ನು ಕೈಗೆತ್ತಿಕೊಳ್ಳಬಹುದೆಂದಿತು. 2015ರಲ್ಲಿ, ಸಂಗತಿಗಳು ಸಾಲವು, ವಿಚಾರಣೆಯಾಗಲಿ ಎಂದು ಕೆಳಗೆ ಕಳಿಸಿತು. ಇತ್ತ ಮರೆಯಲ್ಲಿ ಪಿಸ್ತೂಲಿಡಲು ಎಂದೂ ರಾಜ್ಯದ ಪರವಾನಗಿ ಕೇಳದ ವರ್ಮಾಂಟ್ ಇದೆ. ಅಲ್ಲಿನ ರಟ್ಲೆಂಡ್ ನಗರ ತಾನೇ ಪರವಾನಗಿಯ ನಿಯಮ ಮಾಡಿದಾಗ ರಾಜ್ಯದ ಸುಪ್ರೀಂ ಕೋರ್ಟು 1903ರಲ್ಲಿ ಅದನ್ನು ತಳ್ಳಿಹಾಕಿತು. ಪರದೇಶದಿಂದ ಬಂದ ಪ್ರಜೆಗೂ ಅಲ್ಲಿ ಪರವಾನಗಿಯ ಗೊಡವೆಯಿಲ್ಲ. ಆದರೆ ಪಿಸ್ತೂಲು ಕೊಳ್ಳಲು ಅಂಗಡಿಯ ಕಟ್ಟೆಯೆದುರು ನಿಂತರೆ 4473 ಸಂಖ್ಯೆಯ ನಮೂನೆ ಅವನ ಮುಂದೆ ಬರುತ್ತದೆ. ಅದರಲ್ಲಿ ವಾಸದ ವಿಳಾಸ ತುಂಬಬೇಕು, ಅಂಚೆಪೆಟ್ಟಿಗೆಯ ಸಂಖ್ಯೆ ನಡೆಯುವುದಿಲ್ಲ.